ಕಾಳಿಂಗರಾಯನ ಬಾಯಾರಿಕೆ

ನಮ್ಮ ಮನೆಯ ಜಗುಲಿಯ ಮೇಲೆ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಒಬ್ಬ ಮನುಷ್ಯ ಸಾಯುತ್ತಿದ್ದ. ಬೆಳಿಗ್ಗೆ ನಾನು ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಮೊದಲ ಗುಂಪು ಬೀದಿಯಲ್ಲಿ ನಿಂತು ಫೋನುಗಳನ್ನು ಎತ್ತಿ ಹಿಡಿದಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ನರಳಾಟ, ಅದರ ಹಿಂದೆಯೇ ಶಿಳ್ಳೆ, ಚಪ್ಪಾಳೆ. ಸತ್ತ ಅಂತ ಒಳಗಿದ್ದ ನಮಗೆ ಗೊತ್ತಾಗುತ್ತಿತ್ತು. ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ.

ನಮ್ಮೂರು ಒಂದು ಕಾಲಕ್ಕೆ ಸಿನಿಮಾದವರ ಊರು. ಇಲ್ಲಿನ ಬಿಸಿಲು ಕ್ಯಾಮೆರಾಕ್ಕೆ ಒಗ್ಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಕಪ್ಪು-ಬಿಳುಪಿನ ಕಾಲದಲ್ಲಿ ಶೂಟಿಂಗ್ ನಡೆಯದ ಬೀದಿಯೇ ಇಲ್ಲಿರಲಿಲ್ಲ. ಬಣ್ಣದ ಸಿನಿಮಾ ಬಂದಮೇಲೆ ಅವರು ಬೇರೆ ಬಿಸಿಲು ಹುಡುಕಿಕೊಂಡು ಹೋದರು. ಊರಿನವರು ಮರೆತೇಬಿಟ್ಟಿದ್ದರು. ಆದರೆ ಪುರಸಭೆಗೆ ಒಂದು ದಿನ ಊರಿನ ಸಿನಿಮಾ ಪರಂಪರೆಯ ನೆನಪಾಗಿ, ಯಾವುದೋ ಕಂಪನಿಗೆ ಹೇಳಿ 'ನೆರಳಾಟ' ಎಂಬ ಆ್ಯಪ್ ಮಾಡಿಸಿತು. ಅದನ್ನು ಹಾಕಿಕೊಂಡು ಫೋನನ್ನು ಯಾವ ಬೀದಿಯತ್ತ ಹಿಡಿದರೂ, ಹಿಂದೆ ಅಲ್ಲಿ ತೆಗೆದ ದೃಶ್ಯ ಅದೇ ಜಾಗದಲ್ಲಿ, ಆಳೆತ್ತರದಲ್ಲಿ, ಮಾತು ಹಾಡು ಸಮೇತ ನಡೆಯುವುದು ಕಾಣುತ್ತದೆ. ನಮ್ಮ ಹಸಿರು ಬಾಗಿಲು, ಕೆಂಪು ಜಗುಲಿ, ನೀಲಿ ಡ್ರಮ್ಮು ಎಲ್ಲ ಈಗಿನ ಬಣ್ಣದಲ್ಲೇ ಇರುತ್ತವೆ. ನಡುವೆ ಕಪ್ಪು-ಬಿಳುಪಿನ ಮನುಷ್ಯರು ಓಡಾಡುತ್ತಿರುತ್ತಾರೆ. ಫೋನು ಇಳಿಸಿದರೆ ಯಾರೂ ಇಲ್ಲ.

ಕಂಪನಿಯವರು ಹಾಕದೇ ಇದ್ದದ್ದು ಒಂದು ಅದರೊಳಗೆ ತಾನಾಗಿಯೇ ಬಂದು ಸೇರಿತ್ತು. ಆ ಮನುಷ್ಯರಿಗೆ ನಮ್ಮ ಮಾತು ಕೇಳಿಸುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ನಾಯಕಿ ಸೈಕಲ್ ತುಳಿಯುತ್ತಾ ಹಾಡು ಹೇಳುತ್ತಾಳೆ. ಅಲ್ಲಿ ಹೂ ಮಾರುವ ಚೆಲುವಮ್ಮ ಒಂದು ದಿನ ಅದನ್ನು ಫೋನಿನಲ್ಲಿ ನೋಡಿ ರೇಗಿ, "ಏ ತಾಯಿ, ಕಣ್ಣು ಕಾಣಲ್ವಾ? ಬುಟ್ಟಿ ಮೇಲೇ ಬರ್ತೀಯಲ್ಲ!" ಎಂದು ಕೂಗಿದಳು. ಅವತ್ತಿನಿಂದ ಆ ಹುಡುಗಿ ಹಾಡು ನಿಲ್ಲಿಸದೆ, ಹ್ಯಾಂಡಲ್ ತಿರುಗಿಸಿ, ಬುಟ್ಟಿಯನ್ನು ಬಳಸಿಕೊಂಡು ಹೋಗುತ್ತಾಳೆ. ತರಕಾರಿ ಮಾರ್ಕೆಟ್ಟಿನ ಹಿಂದಿನ ಹುಣಸೆಮರದ ಕೆಳಗೆ ಪ್ರೇಮಿಗಳಿಬ್ಬರು ಸದಾ ಅಂಟಿಕೊಂಡು ನಿಂತಿರುತ್ತಾರೆ. ಆ ದಾರಿಯಲ್ಲಿ ಹೋಗುವ ಹಿರಿಯರು ಕೈಯಲ್ಲಿ ಫೋನು ಇರಲಿ ಬಿಡಲಿ, ಒಂದು ಸಲ ಕೆಮ್ಮಿ ಹೋಗುವುದು ಈಗ ರೂಢಿ. ಕೆಮ್ಮಿದರೆ ಅವರು ಗಾಬರಿಯಿಂದ ದೂರ ಸರಿದು ಬೇರೆ ಬೇರೆ ಕಡೆ ನೋಡುತ್ತಾರೆ. ಕಂಪನಿಯ ಎಂಜಿನಿಯರ್ ಬಂದ. ಇದು ನಮ್ಮ ಪ್ರೋಗ್ರಾಮಿನಲ್ಲೇ ಇಲ್ಲ ಎಂದ. ಹುಣಸೆಮರದ ಹತ್ತಿರ ನಿಂತು ತಾನೂ ಒಂದು ಸಲ ಕೆಮ್ಮಿ ನೋಡಿದ. ಆಮೇಲೆ ಯಾಕೋ ನಾಚಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಆದರೂ ಅವರು ದಾರಿ ಬಿಡುತ್ತಿದ್ದರು, ಸರಿಯುತ್ತಿದ್ದರು, ಅಷ್ಟೇ. ತಮ್ಮ ಕಥೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಹಾಡಬೇಕಾದವಳು ಹಾಡುತ್ತಿದ್ದಳು, ಸಾಯಬೇಕಾದವನು ಸಾಯುತ್ತಿದ್ದ. ಅದನ್ನು ಕದಲಿಸಿದ್ದು ನಮ್ಮ ಅತ್ತೆ ತಿರುಮಲಮ್ಮ.

ನಮ್ಮ ಜಗುಲಿಯ ಮೇಲೆ ಸಾಯುತ್ತಿದ್ದವನು ಜಮೀನ್ದಾರ ಕಾಳಿಂಗರಾಯ. ಸಿನಿಮಾದ ಹೆಸರು 'ಕರಿಗುಡ್ಡದ ಕಠಾರಿ'. ಶೂಟಿಂಗ್ ಆದಾಗ ಮನೆ ಬೇರೆಯವರದ್ದು, ನಮ್ಮ ಮಾವನವರು ಕೊಂಡದ್ದು ಆಮೇಲೆ. ಕಥೆಯಲ್ಲಿ ಕಾಳಿಂಗರಾಯ ಊರ ಬಾವಿಗೆ ಬೀಗ ಜಡಿದು ಜನರನ್ನು ಗೋಳು ಹೊಯ್ದುಕೊಂಡಿರುತ್ತಾನೆ. ಕೊನೆಯಲ್ಲಿ ನಾಯಕನ ಕಠಾರಿ ತಿಂದು, ಬೀದಿಯ ತಿರುವಿನಿಂದ ತೂರಾಡುತ್ತಾ ಬಂದು, ತನ್ನ ಮನೆಯ ಜಗುಲಿಯ ಮೇಲೆ, ಅಂದರೆ ನಮ್ಮದರ ಮೇಲೆ, ಅಂಗಾತ ಬೀಳುತ್ತಾನೆ. "ನೀರು... ನೀರು..." ಎನ್ನುತ್ತಾನೆ. ನಾಯಕ ಬಂದು ಎದೆಯುಬ್ಬಿಸಿ ನಿಂತು, "ಊರ ಬಾವಿಗೆ ಬೀಗ ಜಡಿದವನೇ! ನಿನ್ನ ನಾಲಗೆಗೆ ಹನಿ ನೀರೂ ಸಿಗದು!" ಎಂದು ಗರ್ಜಿಸುತ್ತಾನೆ. ಕಾಳಿಂಗರಾಯನ ತಲೆ ಪಕ್ಕಕ್ಕೆ ವಾಲುತ್ತದೆ. ಶಿಳ್ಳೆ ಬೀಳುತ್ತಿದ್ದದ್ದು ಆವಾಗ.

ಆ ನಾಯಕ ಚಿತ್ರಭೂಪತಿ ಭುವನೇಂದ್ರ. ನಮ್ಮವರು, ಅಂದರೆ ನನ್ನ ಗಂಡ ಮುಕುಂದ, ಪೇಟೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ ಎಂದು ಮದುವೆಗೆ ಮೊದಲು ನನಗೆ ಹೇಳಿದ್ದರು. ಆದರೆ ಅವರ ನಿಜವಾದ ಉದ್ಯೋಗ ಭುವನೇಂದ್ರ ಅಭಿಮಾನಿಗಳ ಸಂಘದ ಕಾರ್ಯದರ್ಶಿಗಿರಿ ಎಂದು ತಿಳಿದದ್ದು ಮದುವೆ ಮಂಟಪದಲ್ಲಿ, ತಾಳಿ ಕಟ್ಟುವ ಮುಂಚೆ "ಚಿತ್ರಭೂಪತಿಗೆ" ಎಂದು ಯಾರೋ ಕೂಗಿ, ಇವರು ತಾಳಿ ಕೈಯಲ್ಲಿ ಹಿಡಿದುಕೊಂಡೇ "ಜೈ" ಎಂದಾಗ. ಕಾಳಿಂಗರಾಯ ಸಾಯುವ ದೃಶ್ಯ ನಮ್ಮದೇ ಜಗುಲಿಯ ಮೇಲೆ ಕಾಣುತ್ತದೆ ಎಂದು ಗೊತ್ತಾದ ದಿನ ಇವರು ಊಟ ಮಾಡಲಿಲ್ಲ, ಬರೀ ಜಗುಲಿ ನೋಡುತ್ತಾ ಕೂತಿದ್ದರು.

ಅತ್ತೆಗೆ ಸಿನಿಮಾ ಎಂದರೆ ಆಗದು. "ದುಡ್ಡು ಕೊಟ್ಟು ಕತ್ತಲಲ್ಲಿ ಕೂತು ಅಳೋದಕ್ಕೆ ನಂಗೇನು ಬಂದಿದೆ? ಅಳಬೇಕು ಅಂದ್ರೆ ಮನೇಲೇ ಬೇಕಾದಷ್ಟಿದೆ" ಎನ್ನುತ್ತಿದ್ದರು. ಫೋನಿನಲ್ಲಿ ಕಾಣುವುದನ್ನು ಅವರು ನೋಡಿಯೇ ಇರಲಿಲ್ಲ. ಅವರ ಚಿಂತೆಯೇ ಬೇರೆ.

"ಸುಕನ್ಯಾ, ಹೆಣ ಬಿದ್ದಿರೋ ಮನೇಲಿ ದೇವರ ದೀಪ ಹಚ್ಚೋದು ಹೆಂಗೇ?" ಎಂದು ನನ್ನನ್ನು ಕೇಳಿದರು.

"ಅದು ಸಿನಿಮಾ ಹೆಣ ಅತ್ತೆ."

"ಯಾವುದಾದ್ರೇನು, ಬಾಗಿಲಲ್ಲೇ ಬಿದ್ದಿದೆಯಲ್ಲ!"

ಹೊರಗೆ ಶಿಳ್ಳೆ ಕೇಳಿದಾಗಲೆಲ್ಲ ಅವರು ಹೋಗಿ ತಲೆಗೆ ನೀರು ಹಾಕಿಕೊಂಡು ಬರತೊಡಗಿದರು. ಭಾನುವಾರವಂತೂ ಬಚ್ಚಲಿನಿಂದ ಹೊರಗೆ ಬರಲೇ ಇಲ್ಲ. ಮೇಲಿನ ಟ್ಯಾಂಕು ಖಾಲಿಯಾಯಿತು, ಅವರಿಗೆ ನೆಗಡಿ ಹಿಡಿಯಿತು. ಕೊನೆಗೆ ನಾನೇ ಪುರೋಹಿತರಾದ ಅವಧಾನಿಗಳನ್ನು ಕರೆಸಿದೆ. ಅವರು ಜಗುಲಿಯನ್ನು ಒಂದು ಸಲ ಫೋನಿನಲ್ಲಿ, ಒಂದು ಸಲ ಬರಿಗಣ್ಣಲ್ಲಿ ನೋಡಿ, ಮೂಗಿನ ಮೇಲೆ ಬೆರಳಿಟ್ಟು ಯೋಚಿಸಿ, "ಸಿನಿಮಾ ಸಾವಿಗೆ ಸೂತಕ ಇಲ್ಲ ಕಣಮ್ಮ. ಇದ್ದಿದ್ರೆ ಟಾಕೀಸಿನವರು ಒಂದು ಹಬ್ಬನಾದ್ರೂ ಮಾಡೋಕಾಗ್ತಿತ್ತೇ? ಅದೂ ಅಲ್ದೆ ಇವನು ಮತ್ತೆ ಎದ್ದು ಬರ್ತಾನಲ್ಲ. ಎದ್ದು ಬರೋನಿಗೆ ಎಲ್ಲಿಯ ಸೂತಕ?" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದರು.

ಸೂತಕದ ಭಯ ಹೋದಮೇಲೆ ಅತ್ತೆಗೆ ಕುತೂಹಲ ಬಂತು. ಮಾರನೆಯ ದಿನ ಹೊರಗೆ ಬಂದು ನನ್ನ ಪಕ್ಕ ನಿಂತು, "ಎಲ್ಲಿ, ತೋರ್ಸು. ನಮ್ಮನೆ ಮುಂದೆ ಸಾಯೋನ ಮುಖ ನಾನೂ ಒಂದ್ಸಲ ನೋಡ್ತೀನಿ" ಎಂದರು. ನಾನು ಫೋನು ಹಿಡಿದೆ. ಕಾಳಿಂಗರಾಯ ತೂರಾಡುತ್ತಾ ಬಂದ. ದಪ್ಪ ಮೀಸೆ, ಜರಿ ಪೇಟ, ಹೊಟ್ಟೆಯ ಹತ್ತಿರ ಕಪ್ಪು ರಕ್ತ. ಬಿದ್ದ. ನೀರು ನೀರು ಎಂದ. ಭುವನೇಂದ್ರ ಗರ್ಜಿಸಿದ. ಕಾಳಿಂಗರಾಯ ಸತ್ತ. ಜನ ಶಿಳ್ಳೆ ಹಾಕಿದರು.

ಅತ್ತೆ ಬಗ್ಗಿ ಫೋನನ್ನು ಇನ್ನೊಂದು ಸಲ ನೋಡಿದರು.

"ಯಾರೂ ಕೊಡಲ್ವೇನೇ?" ಎಂದರು ಆಮೇಲೆ.

"ಏನನ್ನ ಅತ್ತೆ?"

"ನೀರು. ಅಷ್ಟು ಕೇಳ್ತಾನಲ್ಲ."

"ಇಲ್ಲ ಅತ್ತೆ, ಅವನು ವಿಲನ್ನು."

"ವಿಲನ್ನಾದ್ರೆ ಬಾಯಿ ಒಣಗಲ್ವಾ?"

ಸಂಜೆ ಮಗ ಅಂಗಡಿಯಿಂದ ಬಂದಮೇಲೆ, "ಮುಕುಂದ, ಆ ಸಾಯೋನ ಪಾರ್ಟು ಮಾಡಿದ್ನಲ್ಲ, ಅವನ ನಿಜವಾದ ಹೆಸರೇನೋ?" ಎಂದು ಕೇಳಿದರು. ಭುವನೇಂದ್ರನ ಚಪ್ಪಲಿಯ ಅಳತೆ ಗೊತ್ತಿದ್ದ ನಮ್ಮವರಿಗೆ ಅದು ಗೊತ್ತಿರಲಿಲ್ಲ. "ಯಾರೋ ಒಬ್ಬ, ಅಮ್ಮ, ನಾಟಕದ ಕಂಪನಿಯೋನು" ಎಂದರು. ಅತ್ತೆ ಒಳಗೆ ಹೋದರು.

ಬೆಳಿಗ್ಗೆ ಸ್ನಾನ ಮುಗಿಸಿ, ಮಡಕೆಯಿಂದ ಒಂದು ತಂಬಿಗೆ ತಣ್ಣನೆ ನೀರು ಬಗ್ಗಿಸಿಕೊಂಡು ಬಂದು, ಜಗುಲಿಯ ಕಂಬದ ಪಕ್ಕ ಕೂತರು. "ನೀನು ನೋಡ್ಕೊಂಡು ಹೇಳು, ತಲೆ ಎಲ್ಲಿ ಬೀಳುತ್ತೆ ಅಂತ" ಎಂದು ನನಗೆ ಅಪ್ಪಣೆಯಾಯಿತು. ಬೀದಿಯಲ್ಲಿ ಒಂದು ಕಾಲೇಜಿನ ಗುಂಪು ಫೋನು ಎತ್ತಿ ನಿಂತಿತ್ತು. ಕಾಳಿಂಗರಾಯ ಬಂದು ಬಿದ್ದ. ನೀರು ಎಂದ.

"ಇನ್ನೂ ಸ್ವಲ್ಪ ಎಡಕ್ಕೆ ಅತ್ತೆ. ಅಲ್ಲಲ್ಲ, ಅದು ಕಿವಿ. ಹಾಂ, ಅಲ್ಲೇ."

ಅತ್ತೆ ತಂಬಿಗೆ ವಾಲಿಸಿ, "ಕುಡಿಯಪ್ಪ" ಎಂದರು.

ನೀರಿಗೆ ಕಪ್ಪು-ಬಿಳುಪೂ ಇಲ್ಲ, ಬಣ್ಣವೂ ಇಲ್ಲ. ಎರಡು ಕಡೆಗೂ ಸಲ್ಲುತ್ತದೆ. ಫೋನಿನಲ್ಲಿ ಅದು ಅವನ ಮೀಸೆಯ ಮೇಲೆ ಬಿತ್ತು, ಆಮೇಲೆ ಬಾಯಿಗೆ ಬಿತ್ತು. ಅವನ ಗಂಟಲು ಎದ್ದು ಇಳಿಯುವುದು ನನಗೆ ಕಂಡಿತು. ಗಟಗಟನೆ ಕುಡಿದ. ನಾನು ಫೋನು ಇಳಿಸಿ ನೋಡಿದೆ: ಜಗುಲಿಯ ಕಲ್ಲು ಒಣಗಿಯೇ ಇತ್ತು, ತಂಬಿಗೆ ಖಾಲಿಯಾಗಿತ್ತು. ಮತ್ತೆ ಎತ್ತಿದಾಗ ಕಾಳಿಂಗರಾಯ ಎದ್ದು ಕಂಬಕ್ಕೆ ಒರಗಿ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದ. ಸಾಯುವ ಲಕ್ಷಣವೇ ಇರಲಿಲ್ಲ. ಎದುರಿಗೆ ಭುವನೇಂದ್ರ ಬಾಯಿ ತೆರೆದುಕೊಂಡು ನಿಂತಿದ್ದ. ಹನಿ ನೀರೂ ಸಿಗದು ಎನ್ನಬೇಕಾದವನು ಒಂದು ತಂಬಿಗೆ ಸಿಕ್ಕಿದ್ದನ್ನು ಕಣ್ಣಾರೆ ನೋಡಿದಮೇಲೆ ಏನೆಂದಾನು? ಕಠಾರಿ ಎತ್ತಿದ ಕೈ ಹಾಗೆಯೇ ಇತ್ತು. ಸ್ವಲ್ಪ ಹೊತ್ತಾದಮೇಲೆ ದೃಶ್ಯ ಮಂಜಾಗಿ, ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಮತ್ತೆ ಬಿದ್ದ. ಅತ್ತೆ ಅಷ್ಟರಲ್ಲಿ ಇನ್ನೊಂದು ತಂಬಿಗೆ ತಂದಿದ್ದರು.

ಅಲ್ಲಿಂದ ಅವರಿಗೆ ಅದೇ ಕೆಲಸವಾಯಿತು. ಕಂಬದ ಪಕ್ಕ ಮಣೆ ಹಾಕಿ, ಮಡಕೆಯನ್ನೇ ಹೊರಗೆ ತಂದಿಟ್ಟುಕೊಂಡರು. ಕೆಲವರು ನೋಡಿ ಕೈಮುಗಿದರು. ಆದರೆ ದೂರದ ಊರುಗಳಿಂದ ಬಂದ ಅಭಿಮಾನಿಗಳು, ಡೈಲಾಗ್ ಕೇಳದೆ ಹೋಗಬೇಕಾಯಿತಲ್ಲ ಎಂದು ನಮ್ಮವರ ಅಂಗಡಿಗೆ ಹೋಗಿ ಗಲಾಟೆ ಮಾಡಿದರು. "ನಿಮ್ಮ ತಾಯೇ ಹಿಂಗೆ ಮಾಡಿದ್ರೆ ಹೆಂಗೆ ಸಾರ್?" ಎಂದರಂತೆ.

ಸಂಘದ ಅಧ್ಯಕ್ಷ ಗೋವಿಂದರಾಜು ನಿಯೋಗ ಕಟ್ಟಿಕೊಂಡು ಮನೆಗೆ ಬಂದರು. ಅರುವತ್ತು ದಾಟಿದ್ದರೂ ಭುವನೇಂದ್ರನ ಹಾಗೆಯೇ ಹಣೆಗೆ ಒಂದು ಗುಂಗುರು ಇಳಿಬಿಟ್ಟುಕೊಳ್ಳುವವರು. ಆ ಗುಂಗುರಿಗೆ ಬಣ್ಣ ಹಚ್ಚಿದ್ದು, ಉಳಿದ ತಲೆಗೆ ಕೂದಲಿಲ್ಲ.

"ಅಮ್ಮಾ, ಅವನು ಊರ ಬಾವಿಗೆ ಬೀಗ ಹಾಕ್ದೋನು. ಮರೀಬಾರ್ದು ನೀವು."

"ತಪ್ಪೇ ಮಾಡಿದ್ದಾನೆ. ಜೈಲಿಗೆ ಹಾಕಿ, ಯಾರು ಬೇಡ ಅಂದೋರು? ನೀರು ಕೊಟ್ಟು ಹಾಕಿ."

"ಜೈಲು ಹೆಂಗಮ್ಮ? ಆ ಸಿನಿಮಾದಲ್ಲಿ ಪೊಲೀಸೇ ಇಲ್ಲ."

"ಅದಕ್ಕೆ ನಾನೇನು ಮಾಡ್ಲಿ? ಹೋಗ್ಲಿ, ಬಿಸಿಲಲ್ಲಿ ಬಂದಿದ್ದೀರ, ತಗೊಳ್ಳಿ" ಎಂದು ಅತ್ತೆ ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಟ್ಟರು. ಕೊತ್ತಂಬರಿ, ಇಂಗು ಹಾಕಿದ ಮಜ್ಜಿಗೆ. ಅದನ್ನು ಕುಡಿದಮೇಲೆ, ಯಾರಿಗೂ ಏನೂ ಕುಡಿಸಬೇಡಿ ಎಂದು ಹೇಳುವುದು ನಿಯೋಗಕ್ಕೆ ಕಷ್ಟವಾಯಿತು. ಎದ್ದು ಹೋದರು.

ಹೋಗಿ ಪುರಸಭೆಗೆ ದೂರು ಕೊಟ್ಟರು. ಮುಖ್ಯಾಧಿಕಾರಿಣಿ ಜೀಪಿನಲ್ಲಿ ಬಂದರು. ಒಳ್ಳೆಯ ಹೆಂಗಸು, ಆದರೆ ಎರಡೂ ಕಡೆಯವರ ಫೋನು ಬಂದೂ ಬಂದೂ ಸುಸ್ತಾಗಿದ್ದರು. "ನೋಡಿ ಅಮ್ಮ, ಪರಂಪರೆ ಅಂದ್ರೆ ಹೇಗಿತ್ತೋ ಹಾಗೇ ಕಾಪಾಡೋದು. ನೀವು ಅದನ್ನ ತಿದ್ದಬಾರದು" ಎಂದರು.

"ನಲ್ಲೀಲಿ ನೀರು ಬಿಡೋರು ನೀವೇ, ಕೊಡಬೇಡ ಅನ್ನೋರೂ ನೀವೇ. ಇದು ಯಾವ ಪರಂಪರೆ ತಾಯಿ?" ಎಂದರು ಅತ್ತೆ.

ಮುಖ್ಯಾಧಿಕಾರಿಣಿ ಒಂದು ಬೋರ್ಡು ಹಾಕಿಸಿ ಹೋದರು. 'ಪಾರಂಪರಿಕ ಸ್ಥಳ. ಇಲ್ಲಿ ನೀರು ಬಿಡಬಾರದು.' ಅದರಿಂದ ಅತ್ತೆ ನಿಲ್ಲಲಿಲ್ಲ. ಆದರೆ ಬೀದಿಯಲ್ಲಿ ಹೋಗುವವರಿಗೆ ನಮ್ಮ ಜಗುಲಿಯ ಬಗ್ಗೆ ಬೇರೆಯೇ ಅನುಮಾನ ಬಂದು ಮೂಗು ಮುಚ್ಚಿಕೊಂಡು ಹೋಗತೊಡಗಿದರು.

ಇಷ್ಟಾಗುವಾಗ ಭುವನೇಂದ್ರನ ಹುಟ್ಟುಹಬ್ಬ ಹತ್ತಿರ ಬಂತು. ಎಲ್ಲ ಜಿಲ್ಲೆಗಳ ಅಭಿಮಾನಿಗಳು ನಮ್ಮ ಬೀದಿಯಲ್ಲಿ ಸೇರಿ, ಎಲ್ಲರೂ ಒಟ್ಟಿಗೆ ಫೋನು ಎತ್ತಿ, ಭೂಪತಿಯ ಜೊತೆ ಒಂದೇ ದನಿಯಲ್ಲಿ ಆ ಡೈಲಾಗ್ ಹೇಳುವುದು ಎಂದು ನಿರ್ಧಾರವಾಯಿತು. ನಮ್ಮವರ ಮುಖ ಸಣ್ಣದಾಗಿತ್ತು. ಒಂದು ವಾರದಿಂದ ಅಮ್ಮನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಸಂಘದಲ್ಲಿ ಅವರನ್ನು ಕಾರ್ಯದರ್ಶಿಯ ಸ್ಥಾನದಿಂದ ತೆಗೆಯುವ ಮಾತೂ ನಡೆದಿತ್ತು. ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಾ ಹೇಳಿದರು:

"ಅಮ್ಮ, ಒಂದೇ ಒಂದು ದಿನ. ಅವತ್ತು ಮಾತ್ರ ನೀರು ಕೊಡ್ಬೇಡ. ನಾನು ಎಲ್ಲರ ಮುಂದೆ ಮಾತು ಕೊಟ್ಟುಬಿಟ್ಟಿದ್ದೀನಿ."

"ಅವತ್ತು ಅವನು ಒಣಗಿದ ಬಾಯಲ್ಲಿ ಸಾಯ್ಬೇಕು. ಅಷ್ಟೇ ತಾನೇ?"

"ಹಂಗಲ್ಲಮ್ಮ. ಅದು ಡೈಲಾಗು. ಚಿಕ್ಕೋನಿದ್ದಾಗಿಂದ ಹೇಳ್ಕೊಂಡು ಬಂದಿರೋದು ನಾನು."

ಅತ್ತೆ ಸಾರು ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಮಗನನ್ನು ನೋಡಿದರು. "ನಿಂಗೆ ಮೈಕು ಕೊಡ್ತಾರೇನೋ?"

"ಹೂಂ. ವಂದನಾರ್ಪಣೆ ನಂದೇ."

ಅವರಿಗೆ ನಗು ಬಂತು. ಒಳಗಿನ ಹೆಮ್ಮೆಯನ್ನು ಮುಚ್ಚಿಡಲು ಆಗಲಿಲ್ಲ. "ಸರಿ ಹೋಗು. ಕೊಟ್ಟ ಮಾತು ನೀನು ಉಳಿಸ್ಕೋ. ನಾನು ಹೊರಗೆ ಬರಲ್ಲ" ಎಂದರು.

ಹುಟ್ಟುಹಬ್ಬದ ಬೆಳಿಗ್ಗೆ ಬೀದಿಯಲ್ಲಿ ಸಾಸಿವೆ ಹಾಕಿದರೆ ಕೆಳಗೆ ಬೀಳದಷ್ಟು ಜನ. ಮನೆಯೆದುರು ಭುವನೇಂದ್ರನ ಕಟೌಟು. ಅದಕ್ಕೆ ಅಭಿಷೇಕ ಮಾಡಲು ಕ್ಯಾನುಗಟ್ಟಲೆ ಹಾಲು. ಅತ್ತೆ ಮಡಕೆಯನ್ನು ಒಳಗೆ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದರು. ಅವರ ಕಾಫಿ ಲೋಟ ಹಾಗೆಯೇ ಇತ್ತು. ನೀರಿನ ಲೋಟವನ್ನೂ ಮುಟ್ಟಿರಲಿಲ್ಲ.

"ಏನಾದ್ರೂ ಕುಡೀರಿ ಅತ್ತೆ" ಎಂದೆ.

"ಆಮೇಲೆ" ಎಂದರು. "ನೀನು ಹೋಗಿ ನೋಡು. ಮುಕುಂದ ಮಾತಾಡೋದನ್ನ ನಂಗೆ ಬಂದು ಹೇಳು."

ನಾನು ಕಿಟಕಿಯ ಹತ್ತಿರ ನಿಂತು ಫೋನು ಹಿಡಿದೆ. ಗೋವಿಂದರಾಜು ಮೈಕಿನಲ್ಲಿ "ಸದ್ದು ಮಾಡ್ಬೇಡಿ!" ಎಂದರು. ನೂರಾರು ಫೋನು ಮೇಲೆದ್ದವು. ತಿರುವಿನಿಂದ ಕಾಳಿಂಗರಾಯ ತೂರಾಡುತ್ತಾ ಬಂದ, ಜಗುಲಿಯ ಮೇಲೆ ಬಿದ್ದ. "ನೀರು... ನೀರು..." ಎಂದ. ಭುವನೇಂದ್ರ ಕಠಾರಿ ಹಿಡಿದು ಬಂದು ಎದೆಯುಬ್ಬಿಸಿ ನಿಂತ.

ಕಾಳಿಂಗರಾಯ ಭುವನೇಂದ್ರನತ್ತ ನೋಡಲೇ ಇಲ್ಲ. ಕತ್ತು ಹೊರಳಿಸಿ ನಮ್ಮ ಬಾಗಿಲನ್ನು ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವನು ಕಣ್ಣು ತೆಗೆಯದೆ ಕಾದ. ಸಾಯಲಿಲ್ಲ. ನೋಡಿದರೆ, ಭುವನೇಂದ್ರನೂ ಬಾಗಿಲ ಕಡೆ ನೋಡುತ್ತಿದ್ದ.

ಜನರಲ್ಲಿ ಗುಜುಗುಜು ಎದ್ದಿತು. "ಡೈಲಾಗ್! ಡೈಲಾಗ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಭೂಪತಿಗೆ ಮಾತು ಮರೆತಿರಬೇಕು ಎಂದುಕೊಂಡು ಗೋವಿಂದರಾಜು ನಾಟಕದ ಮೇಷ್ಟ್ರ ಹಾಗೆ ಮೈಕಿನಲ್ಲಿ ಮೆಲ್ಲಗೆ ಎತ್ತಿಕೊಟ್ಟರು: "ಊರ ಬಾವಿಗೆ ಬೀಗ ಜಡಿದವನೇ..."

ಭುವನೇಂದ್ರ ತಿರುಗಿ ಅವರ ಕಡೆ ನೋಡಿದ. ತಾವು ಜೀವಮಾನವೆಲ್ಲ ಪೂಜಿಸಿದವನು ಕಣ್ಣಿಗೆ ಕಣ್ಣಿಟ್ಟು ನೋಡಿದ್ದಕ್ಕೆ ಗೋವಿಂದರಾಜು ಮೈಕು ಹಿಡಿದುಕೊಂಡೇ ಕೈಮುಗಿದರು. ಕಠಾರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಣೆಯ ಬೆವರು ಒರೆಸಿಕೊಂಡು, ಆ ಕಾಲದ ಸಿನಿಮಾದವರ ಶುದ್ಧ ಪುಸ್ತಕದ ಕನ್ನಡದಲ್ಲಿ ಭುವನೇಂದ್ರ ಹೇಳಿದ:

"ಮಹಾಶಯರೇ, ಈ ಸುಡುಬಿಸಿಲಿನಲ್ಲಿ ನನ್ನ ಗಂಟಲೂ ಒಣಗಿಹೋಗಿದೆ. 'ಕಟ್' ಎನ್ನುವವರು ಯಾರೂ ಬರಲಿಲ್ಲ. ಒಂದಿಷ್ಟು ನೀರು ಸಿಗುವುದೇ?"

ಭೂಮಿ ಬಾಯಿಬಿಟ್ಟ ಹಾಗಾಯಿತು. ಭೂಪತಿ ನೀರು ಕೇಳುತ್ತಿದ್ದಾರೆ! ಒಬ್ಬ ಬಾಟಲಿ ಬಿಚ್ಚಿದ, ಇನ್ನೊಬ್ಬ ಎಳನೀರು ಕೆತ್ತಿಸಿಕೊಂಡು ಓಡಿಬಂದ, ಮತ್ತೊಬ್ಬ ಅಭಿಷೇಕದ ಹಾಲಿನ ಕ್ಯಾನನ್ನೇ ಎತ್ತಿದ. ಎಲ್ಲರೂ ಒಂದು ಕೈಯಲ್ಲಿ ಫೋನು ಹಿಡಿದು ನೋಡುತ್ತಾ ಇನ್ನೊಂದು ಕೈಯಲ್ಲಿ ಸುರಿಯುವವರೇ. ಭೂಪತಿಯ ಬೊಗಸೆ ಎಲ್ಲಿದೆಯೆಂದು ಒಬ್ಬರಿಗೂ ಅಂದಾಜು ಸಿಗಲಿಲ್ಲ. ನೀರು ಒಬ್ಬರ ತಲೆಯ ಮೇಲೊಬ್ಬರು ಹಾಕಿಕೊಂಡರು. ಹಾಲು ಗೋವಿಂದರಾಜು ಅವರ ಗುಂಗುರಿನ ಮೇಲೆ ಬಿದ್ದು, ಅದರ ಬಣ್ಣ ಇಳಿದು ಮೂಗಿನವರೆಗೆ ಬಂತು. ಎಳನೀರು ಮೈಕಿಗೆ ಹೋಗಿ ಅದು ಒಂದು ಸಲ ಕಿರುಚಿ ಸತ್ತಿತು. ಅವತ್ತು ನಮ್ಮ ಬೀದಿಯಲ್ಲಿ ಸತ್ತದ್ದು ಅದೊಂದೇ. ಭುವನೇಂದ್ರ ಬೊಗಸೆ ಒಡ್ಡಿಕೊಂಡು ಹಾಗೆಯೇ ನಿಂತಿದ್ದ.

ಗೋವಿಂದರಾಜು ಮುಂದೆ, ನಮ್ಮವರು ಹಿಂದೆ, ಸಂಘಕ್ಕೆ ಸಂಘವೇ ನಮ್ಮ ಅಡುಗೆಮನೆಗೆ ನುಗ್ಗಿತು.

"ಅಮ್ಮಾ! ಭೂಪತಿಗಳು ನೀರು ಕೇಳ್ತಿದಾರೆ! ನಮ್ಮ ಕೈಲಿ ಕೊಡೋಕಾಗ್ತಿಲ್ಲ, ಬನ್ನಿ!"

ಅತ್ತೆ ಕೂತಲ್ಲಿಂದ ಅಲುಗಾಡಲಿಲ್ಲ. "ನಾನು ಹೊರಗೆ ಬರೋ ಹಾಗಿಲ್ಲ. ಮಗ ಮಾತು ಕೊಟ್ಟಿದ್ದಾನೆ. ಬೋರ್ಡು ಬೇರೆ ಇದೆ."

"ಬೋರ್ಡು ಕಿತ್ತು ಹಾಕ್ತೀವಮ್ಮ!"

"ಕೊಟ್ರೆ ಇಬ್ಬರಿಗೂ ಕೊಡಬೇಕು. ಪಂಕ್ತಿಭೇದ ಮಾಡೋಳಲ್ಲ ನಾನು."

ಗೋವಿಂದರಾಜು ಬಣ್ಣ ಇಳಿದ ಮುಖದಲ್ಲಿ ನಮ್ಮವರನ್ನು ನೋಡಿದರು. ಜಮೀನ್ದಾರನಿಗೂ ಕೊಡುವುದೆಂದರೆ ಆ ಡೈಲಾಗಿಗೆ ಅರ್ಥವೇ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮವರು ಬಗ್ಗಿ ತಂಬಿಗೆ ಎತ್ತಿಕೊಂಡರು. "ಮೊದಲು ಯಾರಿಗಮ್ಮ?" ಎಂದು ಕೇಳಿದರು.

"ಅದನ್ನೂ ನಾನೇ ಹೇಳ್ಬೇಕೇನೋ? ಒಬ್ಬ ನಿಂತಿದ್ದಾನೆ, ಒಬ್ಬ ಬಿದ್ದಿದ್ದಾನೆ."

ನಮ್ಮವರು ಹೊರಗೆ ಹೋಗಿ ಜಗುಲಿಯ ಮೇಲೆ ಮಂಡಿಯೂರಿದರು. ನಾನು ಕಿಟಕಿಯಿಂದ ಹೇಳಿದೆ: "ಸ್ವಲ್ಪ ಎಡಕ್ಕೆ ರೀ. ಇನ್ನೂ ಕೆಳಗೆ. ಹಾಂ." ಕಾಳಿಂಗರಾಯ ಕುಡಿದ. ಕುಡಿಯುತ್ತಾ ನಮ್ಮವರ ಮುಖವನ್ನು ನೋಡಿದ. ಚಿಕ್ಕಂದಿನಿಂದ ಅವನ ಸಾವಿಗೆ ಚಪ್ಪಾಳೆ ತಟ್ಟಿದ್ದವರು ಕಣ್ಣು ಕೆಳಗೆ ಹಾಕಿದರು. ಆಮೇಲೆ ಎದ್ದು ನಿಂತು ಭುವನೇಂದ್ರನ ಬೊಗಸೆಗೆ ಹುಯ್ದರು. ಭೂಪತಿಗೆ ನಮ್ಮವರು ಏನೋ ಹೇಳಬೇಕೆಂದಿದ್ದರು, ವರ್ಷಗಳಿಂದ ಯೋಚಿಸಿಟ್ಟುಕೊಂಡಿದ್ದ ಮಾತು. ಆದರೆ ಬಾಯಿಂದ ಬಂದದ್ದು "ನಿಧಾನ, ನಿಧಾನ, ನೆತ್ತಿ ಹತ್ತೀತು" ಅಷ್ಟೇ.

ಯಾರೂ ಜೈ ಎನ್ನಲಿಲ್ಲ. ಶಿಳ್ಳೆಯೂ ಬೀಳಲಿಲ್ಲ. ಮೈಕು ಹೋಗಿದ್ದರಿಂದ ವಂದನಾರ್ಪಣೆಯೂ ನಡೆಯಲಿಲ್ಲ. ನಮ್ಮವರು ಖಾಲಿ ತಂಬಿಗೆ ಹಿಡಿದು ಒಳಗೆ ಬಂದು, ಮಡಕೆಯಲ್ಲಿ ಅದ್ದಿ ತುಂಬಿಸಿ, ಗೋಡೆಗೆ ಒರಗಿ ಕೂತಿದ್ದ ಅತ್ತೆಯ ಮುಂದೆ ಹಿಡಿದರು. "ಬೆಳಗಿಂದ ನೀನೂ ಕುಡಿದಿಲ್ಲವಂತಲ್ಲಮ್ಮ. ತಗೋ" ಎಂದರು. ಅತ್ತೆ ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದರು.

ಅಂದಿನಿಂದ ಆ ದೃಶ್ಯ ಮತ್ತೆ ಶುರುವಾಗಿಲ್ಲ. ನೀರು ಕುಡಿದಮೇಲೆ ಭುವನೇಂದ್ರ ಜಗುಲಿಯ ಮೇಲೆ ಕಾಳಿಂಗರಾಯನ ಪಕ್ಕ ಕೂತ, ಕೂತವನು ಎದ್ದಿಲ್ಲ. ಇಬ್ಬರೂ ಬೀದಿ ನೋಡುತ್ತಾ, ಏನೋ ಮೆಲ್ಲಗೆ ಮಾತಾಡುತ್ತಾ ಇರುತ್ತಾರೆ. ಎಂಜಿನಿಯರ್ ಮತ್ತೆ ಬಂದು ಕೆಮ್ಮಿ ನೋಡಿದ, ಅವರು ತಲೆ ಎತ್ತಿ ನೋಡಿ ಮತ್ತೆ ಮಾತು ಮುಂದುವರಿಸಿದರು. ಪುರಸಭೆಯ ಪಟ್ಟಿಯಲ್ಲಿ 'ಕಾಳಿಂಗರಾಯನ ವಧೆ' ಎಂದಿದ್ದದ್ದನ್ನು 'ಇಬ್ಬರು ಕುಳಿತಿರುವ ದೃಶ್ಯ' ಎಂದು ತಿದ್ದಿದ್ದಾರೆ. ಜನ ಮೊದಲಿನಷ್ಟು ಬರುವುದಿಲ್ಲ. ಬಂದವರು ಸ್ವಲ್ಪ ಹೊತ್ತು ನೋಡಿ, ಸಂಘದವರು ಮೂಲೆಯಲ್ಲಿ ಇಟ್ಟಿರುವ ಅರವಟ್ಟಿಗೆಯಲ್ಲಿ ನೀರು ಕುಡಿದು ಹೋಗುತ್ತಾರೆ. ಗೋವಿಂದರಾಜು ಈಗ ಗುಂಗುರಿಗೆ ಬಣ್ಣ ಹಚ್ಚುವುದಿಲ್ಲ.

ಅತ್ತೆಗೆ ಮಾತ್ರ ಬೇಜಾರು ಹತ್ತಿದೆ. "ಬಂದ ನೆಂಟರು ಹೋಗೋ ಹಂಗೇ ಕಾಣಲ್ವಲ್ಲೇ ಸುಕನ್ಯಾ" ಎನ್ನುತ್ತಾರೆ. ಬೆಳಿಗ್ಗೆ ಪೊರಕೆ ಹಿಡಿದು ಖಾಲಿ ಜಗುಲಿಯ ಮುಂದೆ ನಿಂತು, "ಕಾಲೆತ್ತಿ, ಗುಡಿಸ್ಬೇಕು" ಎನ್ನುತ್ತಾರೆ. ಒಂದು ದಿನ ನಾನು ಫೋನು ಹಿಡಿದು ನೋಡಿದೆ. ಹೇಳಿದ ತಕ್ಷಣ ಭುವನೇಂದ್ರ ಕಾಲೆತ್ತುತ್ತಾನೆ. ಜಮೀನ್ದಾರನಿಗೆ ಎರಡು ಸಲ ಹೇಳಬೇಕು.